ಬೇಲಿ ಕಾಯೋನ ಸಿಳ್ಳೆ

ಅಪ್ಪಾ,

ಕುರಿ ಹುಡುಕ್ಬೇಡ, ಸರ್ಕಾರದ ದೊಡ್ಡಿಯಲ್ಲಿ ಕೂಡಿಹಾಕಿದ್ದಾರೆ. ಊರ ಹುಲ್ಲುಗಾವಲಿಗೆ ಸರ್ಕಾರದವರು ಹಾಕಿದ ಬೇಲಿ ಕಾಯೋ ಕೆಲಸಕ್ಕೆ ನಾನು ಸೇರಿದಾಗಿಂದ ನೀನು ಮಾತು ಬಿಟ್ಟಿದ್ದೀಯ, ಆದ್ರೂ ಇದನ್ನ ಓದು.

ಇವತ್ತು ಕೂತು ಕೂತು ಬೇಜಾರಾಗಿ ಸಿಳ್ಳೆ ಹಾಕಿದೆ. ಕುರಿ ಕರೆಯೋಕೆ ನೀನು ಕಲಿಸಿದ್ದೇ ಬಾಯಿಗೆ ಬಂತು. ಆಚೆ ಮೇಯ್ತಿದ್ದ ನಮ್ಮ ಕುರಿಗಳೆಲ್ಲ ತಂತಿ ಬೇಲಿ ನುಸುಳಿ ಒಳಗೆ ಬಂದ್ವು.

"ಯಾರ ಕುರಿನೋ ಇವು?" ಅಂದ್ರು ಸಾಹೇಬ್ರು.

"ಗೊತ್ತಿಲ್ಲ ಸಾರ್" ಅಂದೆ. ಅಷ್ಟರಲ್ಲಿ ಕುಂಟ ಟಗರು ನನ್ನ ಜೇಬಿಗೆ ಮೂತಿ ತೂರಿಸಿ ಉಪ್ಪು ಹುಡುಕ್ತು.

"ಅದಕ್ಕೆ ನೀನು ಗೊತ್ತಲ್ಲೋ!"

ನಮ್ಮವೇ ಅಂತ ಒಪ್ಕೊಂಡೆ. ಹುಲ್ಲೂ ನಮ್ಮದೇ ಅಂದ್ಬಿಟ್ಟೆ.

ಜಗಳಕ್ಕೆ ಜನ ಸೇರಿಸ್ಬೇಡ, ನೀನೊಬ್ಬನೇ ಬಾ. ಬರುವಾಗ ನನ್ನ ಹಳೇ ಶರ್ಟು ತಾ. ಅವರ ಯೂನಿಫಾರಂ ಶರ್ಟನ್ನ ಬಿಚ್ಚಿ ಕೊಟ್ಟು, ದೊಡ್ಡಿ ಬಾಗಿಲಲ್ಲಿ ಬನಿಯನ್‌ನಲ್ಲೇ ಕೂತಿದ್ದೀನಿ.

ನಿನ್ನ ಮಗ