ಬಿಟ್ಟ ಕಲ್ಲು ಹೋಗುವ ದಾರಿ

ಅಪ್ಪಾ,

ತಿಕೋಟಾ ಶಾಲೆಯಲ್ಲಿ ನೀನು ಹಕ್ಕಿ ಓಡಿಸುವ ಕವಣೆ ತಿರುಗಿಸಿ ಗ್ರಹಗಳ ಪಾಠ ಹೇಳುತ್ತಿದ್ದೆಯಲ್ಲ: ಕಲ್ಲಿಗೆ ನೆಟ್ಟಗೆ ಓಡುವ ಹಟ, ಹಗ್ಗಕ್ಕೆ ಒಳಗೆಳೆಯುವ ಹಟ, ಎರಡೂ ಸೇರಿದರೇ ಸುತ್ತು ಎಂದು. ನಿನ್ನ ಅಚ್ಚುಮೆಚ್ಚಿನ ಶಿಷ್ಯ ಸಂಗನಬಸವ ಇವತ್ತು ಜೋರಾಪುರ ಪೇಟೆಯಲ್ಲಿ ಅದೇ ಕವಣೆ ತಿರುಗಿಸುತ್ತಿದ್ದ, ಶನಿಶಾಂತಿಗೆ ಜನ ಕೂಡಿಸಲು.

"ಹಗ್ಗ ಬಿಟ್ರ ಶನಿ ನಿಮ್ಮ ನೆತ್ತಿ ಮ್ಯಾಲೇ ಬೀಳ್ತಾನ್ರಿ!"

ಥೂ! ಬಿಟ್ಟ ಕಲ್ಲು ನೆಟ್ಟಗೆ ಹಾರಿಹೋಗುತ್ತದೆ ಎಂದು ನಿನ್ನ ತರಗತಿಯಲ್ಲಿ ಮೊದಲು ಹೇಳಿದವನೇ ಅವನು. ಉಗಿಯಲೆಂದೇ ಎದ್ದೆ.

ಅಷ್ಟರಲ್ಲಿ ಮುಂದೆ ಕೂತಿದ್ದ ಅವ್ವ ಕೇಳಿದಳು: "ನಮ್ಮ ಮಾಸ್ತರು ತೀರಿಕೊಂಡಿದ್ದು ನಾವು ದವಾಖಾನಿಗೆ ಒಯ್ಯೋದು ತಡಾ ಆಗಿದ್ದಕ್ಕ ಅಲ್ಲಲ್ಲ, ತಮ್ಮಾ?"

"ಅಲ್ಲರಿ ಅವ್ವಾರ, ಎಲ್ಲಾ ಶನಿ ಕಾಟ."

ಅವ್ವ ನಿರಾಳವಾಗಿ ಉಸಿರು ಬಿಟ್ಟಳು. ನಾನು ಮತ್ತೆ ಕೂತೆ. ನನಗೂ ಹಗುರಾಯಿತು ಅಪ್ಪಾ, ಅದಕ್ಕೇ ಹೇಸಿಗೆ.