ನಿನ್ನೆ ಏಳಕ್ಕೆ

ಮೇ ೧೪, ಬೆಳಿಗ್ಗೆ ೬
ಕೂಲರ್‌ಗೆ ಮತ್ತೆ ಎರಡು ಬಕೆಟ್ ನೀರು. ವಯಸ್ಸು ಮೂವತ್ತೆಂಟಾಯಿತು, ದಿಲ್ಲಿಯ ರೋಹಿಣಿ ಬಡಾವಣೆಯ ಈ ಫ್ಲ್ಯಾಟ್‌ನಲ್ಲಿ ಕೂಲರ್ ಜೊತೆಗೇ ಸಂಸಾರ. ಎರಡು ವರ್ಷದಿಂದ ಕೇಳುತ್ತಿದ್ದ ಬೆಂಗಳೂರಿನ ವರ್ಗಾವಣೆ ಬಂದಿದೆ. ೨೩ರೊಳಗೆ ಒಪ್ಪಿಗೆಯ ಫಾರ್ಮ್ ಕೊಡಬೇಕು. ಕುಣಿದಾಡಬೇಕಿತ್ತು. ಕುಣಿಯುತ್ತಿಲ್ಲ.

ಕಾರಣ, ಮೂರನೇ ಮಹಡಿಯ ಮುರಳೀಧರ. ಸ್ಕೂಲ್ ಮೇಷ್ಟ್ರು, ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ಚಳಿಗಾಲವಿಡೀ ಮಂಕಿ ಕ್ಯಾಪ್ ಒಳಗಿಂದ ಒಂದು "ನಮಸ್ತೇ" — ಅಷ್ಟೇ. ಮುಖ ನೋಡಿದ್ದೇ ಏಪ್ರಿಲ್‌ನಲ್ಲಿ! ಈಗ ಮನೆಯೊಳಗೆ ಕೂರಲಾಗದೆ ಇಬ್ಬರೂ ಪಾರ್ಕಿಗೆ ಇಳಿಯುತ್ತೇವೆ. ಏಳಾದರೂ ಬೆಳಕು. ಎದ್ದು ಹೋಗಲು ನೆಪವೇ ಸಿಗುವುದಿಲ್ಲ...

ಮೇ ೧೭
ಆಫೀಸಿನ ಸರಳಾಗೆ ಹೇಳಿಬಿಟ್ಟೆ. ನಕ್ಕಳು. "ಇದು ಕೂಲರ್ ಪ್ರೀತಿ ಕಣೇ. ಜುಲೈನಲ್ಲಿ ಮಳೆ ಬಿದ್ರೆ ಯಾರೂ ತಿರುಗಿ ನೋಡಲ್ಲ. ಸುಮ್ನೆ ಬೆಂಗಳೂರಿಗೆ ಹೋಗು."
ಸಿಟ್ಟು ಬಂತು. ನಿಜ ಇರಬಹುದೆಂದು ಇನ್ನಷ್ಟು ಸಿಟ್ಟು.

ಮೇ ೨೦, ಸಂಜೆ
ನಿನ್ನೆ ಮೀಟಿಂಗ್, ಪಾರ್ಕ್ ತಪ್ಪಿತು. ಇವತ್ತು ಅವರ ಮೆಸೇಜ್, ಮೊದಲ ಸಲ ಕನ್ನಡದಲ್ಲಿ: "ನಿನ್ನೆ ಏಳಕ್ಕೆ ಬೆಂಚ್ ಹತ್ರ. ಒಂದು ವಿಷಯ ಕೇಳೋದಿತ್ತು."
ಕೇಳೋದಿತ್ತು. ಅಂದರೆ ಈಗ ಇಲ್ಲ? ಕಾದು ಬೇಸತ್ತು ಮನಸ್ಸು ಬದಲಾಯಿಸಿರಬೇಕು. ಏನೆಂದು ಉತ್ತರಿಸಲಿ... ಉತ್ತರಿಸಲಿಲ್ಲ.

ಮೇ ೨೧
ಪಾರ್ಕಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಫಾರ್ಮ್ ತುಂಬಿದೆ. "ಒಪ್ಪಿದ್ದೇನೆ." ಸಹಿ ಮಾತ್ರ ಬಾಕಿ. ಅಳು ಬಂತು.

ಮೇ ೨೨, ಬೆಳಿಗ್ಗೆ ೭
ಹಾಲಿನ ಬೂತ್‌ನಲ್ಲಿ ಸಿಕ್ಕರು.
"ನಾಳೆ ಎರಡು ಗಂಟೆ ಕಾದೆ, ಹರಿಣಿಜೀ! ನೀವು ಬರ್ಲೇ ಇಲ್ಲ."
"ನಾಳೆ ಹೇಗ್ರೀ ಕಾದ್ರಿ? ನಾಳೆ ಇನ್ನೂ ಬಂದೇ ಇಲ್ಲ."
"ಮತ್ಲಬ್... ಕಲ್. ಅರೇ, ನಿನ್ನೆ, ನಾಳೆ — ನಂಗೆ ಯಾವಾಗ್ಲೂ ಉಲ್ಟಾ."
ಹಿಂದಿಯಲ್ಲಿ ಕಳೆದ ದಿನವೂ ಕಲ್, ಬರುವ ದಿನವೂ ಕಲ್. ಅಂದರೆ ಮೆಸೇಜಿನ ನಿನ್ನೆ ನಾಳೆಯಾಗಿತ್ತು! ನಾನು ಮನೆಯಲ್ಲಿ ಅಳುತ್ತಿದ್ದಾಗ ಇವರು ಬೆಂಚಿನ ಮೇಲಿದ್ದರು. ಬೂತ್ ಭಯ್ಯಾ ತಿರುಗಿ ನೋಡುವಷ್ಟು ನಕ್ಕೆ.
"ಏನು ಕೇಳೋದಿತ್ತು?"
ಹಾಲಿನ ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. "ಚಳಿಗಾಲದಲ್ಲೂ ಇಲ್ಲೇ ಇರ್ತೀರಾ? ಕ್ಯಾಪ್ ತೆಗೆದೇ ವಾಕ್ ಬರ್ತೀನಿ. ಪಕ್ಕಾ."
ಮನೆಗೆ ಬಂದು ಮೆಸೇಜ್ ಹಾಕಿದೆ, ಅವರದೇ ಭಾಷೆಯಲ್ಲಿ: "ನಿನ್ನೆ ಏಳಕ್ಕೆ ಬೆಂಚ್ ಹತ್ರ. ಉತ್ತರ ಹೇಳೋದಿತ್ತು."

ಮೇ ೨೩, ಸಂಜೆ ೬.೫೦
ಹೊಸ ಫಾರ್ಮ್ ಬರೆದು ಕೊಟ್ಟೆ. "ದಿಲ್ಲಿಯಲ್ಲೇ ಮುಂದುವರಿಯುತ್ತೇನೆ." ಸರಳಾ ತಲೆ ಚಚ್ಚಿಕೊಂಡಳು. ಬರೀ ಬೇಸಿಗೆಯ ಆಟವೇ ಇರಬಹುದು... ಡಿಸೆಂಬರ್ ನೋಡಿಯೇ ಹೇಳುತ್ತೇನೆ.
ಬಾಲ್ಕನಿಯಿಂದ ಬೆಂಚ್ ಕಾಣುತ್ತಿದೆ. ಆಗಲೇ ಬಂದು ಕೂತಿದ್ದಾರೆ. ತೊಡೆಯ ಮೇಲೆ ಏನೋ ಕಂದು ಬಣ್ಣದ್ದು. ಉಣ್ಣೆಯದು... ಅಯ್ಯೋ, ಮಂಕಿ ಕ್ಯಾಪ್! ನನ್ನ ಕೈಗೇ ಒಪ್ಪಿಸಿಬಿಡಲು ತಂದಿದ್ದಾರೋ ಏನೋ — ಚಪ್ಪಲಿ ಎಲ್ಲಿ, ಇನ್ನು ಬರೆಯುತ್ತ ಕೂತರೆ