ಹೊಸ ಅಕ್ಕಿ ಊಟದ ಸಾಕ್ಷಿ

ದರ್ಬೆ, ಪುತ್ತೂರು
12 ಫೆಬ್ರುವರಿ 2025, ಬುಧವಾರ

ನನ್ನ ಅಮ್ಮನಿಗೆ ನಿನ್ನ ಶರ್ಮಿಳಾ ಮಾಡುವ ನಮಸ್ಕಾರ. ಇದನ್ನು ಓದಿ ಹೇಳುವ ಪಾತುಮ್ಮಕ್ಕನಿಗೂ ನಮಸ್ಕಾರ. ಪಾತುಮ್ಮಕ್ಕ, ನೀವು ಏಳನೇ ಕ್ಲಾಸು ಓದಿದವರು, ನಾನು ಐದನೆಯದಕ್ಕೇ ಬಿಟ್ಟವಳು. ಅಕ್ಷರ ನೋಡಿ ನಗಬೇಡಿ. ಅಮ್ಮನಿಗೆ ಬೀಡಿ ಕಟ್ಟುವುದನ್ನು ಸ್ವಲ್ಪ ನಿಲ್ಲಿಸಲಿಕ್ಕೆ ಹೇಳಿ, ಆಮೇಲೆ ಓದಿ. ಇಲ್ಲದಿದ್ದರೆ ಅರ್ಧ ಕೇಳಿ ಅರ್ಧ ಬಿಟ್ಟು, ಮತ್ತೆ ತಾನೇ ಏನಾದರೂ ಸೇರಿಸಿಕೊಳ್ಳುತ್ತಾಳೆ.

ನಾನು ಸೌಖ್ಯ ಇದ್ದೇನೆ ಅಮ್ಮ. ಕೇಸಿನ ವಿಷಯ ಫೋನಿನಲ್ಲಿ ಮಾತಾಡಬಾರದು ಅಂತ ವಕೀಲ ಪ್ರೇಮನಾಥರು ಹೇಳಿದ್ದಾರೆ. ಹಾಗಾಗಿ ಕಾಣಿಯೂರು ಬಸ್ಸಿನ ಕಂಡಕ್ಟರರ ಕೈಯಲ್ಲಿ ಈ ಪತ್ರ ಕೊಡುತ್ತೇನೆ.

ಬರುವ ಬುಧವಾರ ನಾನು ಕೋರ್ಟಿಗೆ ಹೋಗಬೇಕು. ಬೇರೆಯವರ ಬಾಯಿಯಿಂದ ಕೇಳಿ ನೀನು ಹೆದರುವ ಮೊದಲು ನಾನೇ ತಿಳಿಸುತ್ತಿದ್ದೇನೆ. ಈ ಮನೆಯ ಪೊಲೀಸ್ ಸರ್ ಮೇಲಿನ ಕೊಲೆ ಕೇಸಿನಲ್ಲಿ ನಾನು ಸರ್ ಕಡೆಯ ಸಾಕ್ಷಿ.

ಊರಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳಿರಬಹುದು. ನಾನು ತಿಳಿದದ್ದು ಇಷ್ಟು. ಎರಡು ವರ್ಷದ ಹಿಂದೆ ಈ ಮನೆಯಲ್ಲಿ ಹೊಸ ಅಕ್ಕಿ ಊಟ ಇದ್ದ ದಿನವೇ ದಿಶಾಂತ್ ಎಂಬ ಹುಡುಗ ಕಾಣೆಯಾದ. ಗಾಂಜಾ ಮಾರುತ್ತಾನೆ ಅಂತ ಅವನ ಮೇಲೆ ದೂರು ಇತ್ತಂತೆ. ರಾತ್ರಿ ಎಂಟರ ಹೊತ್ತಿಗೆ ಸರ್ವೋತ್ತಮ ಸರ್ ಅವನನ್ನು ತಮ್ಮ ಸ್ವಂತ ಕಾರಿನಲ್ಲಿ ಕೂರಿಸಿಕೊಂಡು ಹೋದದ್ದನ್ನು ಕಂಡಿದ್ದೇನೆ ಅಂತ ಒಬ್ಬರು ಹೇಳುತ್ತಾರೆ. ಮರುದಿನ ಹೊಳೆಯ ಬದಿಯಲ್ಲಿ ಹೆಣ ಸಿಕ್ಕಿತು. ಮೈಯೆಲ್ಲ ಹೊಡೆದ ಗುರುತು. ಸರ್ ಹೇಳುವುದೆಂದರೆ, ಆ ಹೊತ್ತಿಗೆ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ ಅಂತ. ಮನೆಯಲ್ಲಿ ಆ ದಿನ ಇದ್ದವರು ಹರಿಣಾಕ್ಷಿ ಅಕ್ಕ, ಮಗು ಪೂಜಿತಾ, ಮತ್ತೆ ನಾನು. ಹೆಂಡತಿಯ ಮಾತನ್ನು ಕೋರ್ಟು ಅಷ್ಟಾಗಿ ನಂಬುವುದಿಲ್ಲವಂತೆ. ಮಗುವಿಗೆ ಆಗ ಮೂರು ವರ್ಷ. ಉಳಿದವಳು ನಾನು.

ಇಲ್ಲಿಯ ಜನರನ್ನು ನೋಡಿದರೆ ನನಗೆ ತಲೆ ತಿರುಗುತ್ತದೆ. ಸರ್‌ರನ್ನು ಹಿಡಿದುಕೊಂಡು ಹೋದ ಮೇಲೆ ಈ ಮನೆಗೆ ಯಾರೂ ತಲೆ ಹಾಕಲಿಲ್ಲ. ಮೀನಿನ ಆದಂ ಕುಂಞಿಯವರು ಮೊದಲೆಲ್ಲ ಒಳ್ಳೆಯ ಮೀನನ್ನು ಬೇರೆ ತೆಗೆದಿಟ್ಟು ಗೇಟಿನ ಎದುರು ಹಾರ್ನ್ ಹೊಡೆಯುತ್ತಿದ್ದರು. ಆಮೇಲೆ ಸ್ಕೂಟರನ್ನು ಎರಡು ಮನೆ ಆಚೆ ನಿಲ್ಲಿಸಲಿಕ್ಕೆ ಶುರು ಮಾಡಿದರು. ಯಾಕೆ ಅಂತ ಕೇಳಿದ್ದಕ್ಕೆ, ಎಂತ ಮಾಡುದು ಮಾರಾಯ್ತಿ, ನಿಮ್ಮ ಗೇಟಲ್ಲಿ ನಿಂತರೆ ಅರ್ಧ ಗಿರಾಕಿ ಹೋಗ್ತಾರೆ, ನಿಲ್ಲದಿದ್ದರೆ ಉಳಿದರ್ಧ ಹೋಗ್ತಾರೆ, ನನ್ನ ಬಂಗುಡೆಗೆ ಯಾವ ಪಕ್ಷವೂ ಇಲ್ಲ ಅಂತ ಹೇಳಿದರು. ನನಗೆ ನಗು ಬಂತು. ಅಕ್ಕನಿಗೆ ಹೇಳಲಿಲ್ಲ.

ಜಾಮೀನು ಸಿಕ್ಕಿದ ದಿನ ಅದೇ ಜನ ಪಟಾಕಿ ಹೊಡೆದರು. ಮುಖ್ಯ ರಸ್ತೆಯಲ್ಲಿ ಸರ್‌ರ ದೊಡ್ಡ ಫ್ಲೆಕ್ಸ್ ಕಟ್ಟಿದರು. ಎರಡೇ ದಿನದಲ್ಲಿ ಅದರ ಮುಖಕ್ಕೆ ಯಾರೋ ಮಸಿ ಬಳಿದರು. ಕೋರ್ಟಿನಲ್ಲಿ ವಿಚಾರಣೆ ಶುರುವಾದ ಮೇಲೆ ಈ ಹೊಗಳುವುದು ಬಯ್ಯುವುದು ಎರಡೂ ನಮ್ಮ ಗೇಟಿಗೇ ಬಂತು. ಒಂದು ಬೆಳಿಗ್ಗೆ ಗೇಟಿಗೆ ಸೇವಂತಿಗೆ ಮಾಲೆ ಹಾಕಿರುತ್ತಾರೆ, ಮತ್ತೊಂದು ಬೆಳಿಗ್ಗೆ ಸೆಗಣಿ ಬಡಿದಿರುತ್ತಾರೆ. ಅಕ್ಕ ಏಳುವ ಮೊದಲು ನಾನು ಎರಡನ್ನೂ ತೆಗೆದುಬಿಡುತ್ತೇನೆ. ಮಾಲೆ ಕಂಡರೂ ಅಕ್ಕ ಅಳುತ್ತಾರೆ.

ಮೊನ್ನೆ ಬಸ್ಸಿನಲ್ಲಿ ನನ್ನ ಎದುರಿನ ಸೀಟಿನ ಹೆಂಗಸರು ಇದನ್ನೇ ಮಾತಾಡುತ್ತಿದ್ದರು. ಅಂಥವರು ಇದ್ದ ಕಾರಣ ನಮ್ಮ ಮಕ್ಕಳು ಕತ್ತಲಾದ ಮೇಲೂ ಧೈರ್ಯದಲ್ಲಿ ಬಸ್ಸಿಳಿದು ಬರ್ತಾರೆ, ಒಬ್ಬ ಗಾಂಜಾದವ ಹೋದರೆ ಎಂತ ಈಗ ಅಂತ ಒಬ್ಬರು. ಹಾಗಾದ್ರೆ ಕೋರ್ಟು ಎಂತಕ್ಕೆ, ಬೀಗ ಹಾಕಿ ಅಂಗಳದಲ್ಲಿ ಅಡಿಕೆ ಒಣಗಿಸುವ ಅಂತ ಇನ್ನೊಬ್ಬರು. ಆಮೇಲೆ ಇಬ್ಬರೂ ಒಂದಾಗಿ, ಆ ಮನೆಯ ಕೆಲಸದ ಹುಡುಗಿಗೆ ಈಗ ಬಾಯಿಪಾಠ ಮಾಡಿಸ್ತಾ ಇದ್ದಾರಂತೆ ಅಂತ ನಕ್ಕರು. ಒಬ್ಬರು ನನ್ನ ಕಡೆ ತಿರುಗಿ, ನಿಮಗೆ ಎಂತ ಕಾಣ್ತದೆ ಅಂತ ಕೇಳಿದರು. ನನ್ನ ಸ್ಟಾಪ್ ಬಂತು ಅಂತ ಹೇಳಿ ಇಳಿದೆ. ಸ್ಟಾಪ್ ಬಂದಿರಲಿಲ್ಲ. ಬಿಸಿಲಿನಲ್ಲಿ ನಡೆದುಕೊಂಡು ಬಂದೆ.

ಬಾಯಿಪಾಠ ಅಂತ ಅವರು ಹೇಳಿದ್ದು ಸುಳ್ಳಲ್ಲ ಅಮ್ಮ. ವಕೀಲರು ದಿನಾ ಸಂಜೆ ಬಂದು ನನ್ನನ್ನು ಎದುರು ನಿಲ್ಲಿಸುತ್ತಾರೆ. ಸರ್ ಏಳೂವರೆಗೆ ಬಂದರು, ಎಲ್ಲರೂ ಒಟ್ಟಿಗೆ ಕೂತು ಉಂಡೆವು. ಇಷ್ಟೇ ಹೇಳಬೇಕಾದದ್ದು. ನಿನಗೆ ಗೊತ್ತಲ್ಲ ನನ್ನ ಸ್ವರ. ಅಂಗಡಿಯಲ್ಲಿ ಒಂದು ಕಟ್ಟು ಸೊಪ್ಪು ಕೇಳಲಿಕ್ಕೂ ನನಗೆ ಆಗುವುದಿಲ್ಲ, ಕೈ ತೋರಿಸುತ್ತೇನೆ. ವಕೀಲರು ತಲೆಗೆ ಕೈ ಹೊತ್ತು, ನೀನು ಹೇಳುದು ಈ ಮನೆಯ ಬೆಕ್ಕಿಗೇ ಕೇಳುದಿಲ್ಲ, ಜಡ್ಜಿಗೆ ಕೇಳ್ತದಾ ಅಂದರು. ಸರ್ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಾರೆ.

ಅಕ್ಕನ ಬಗ್ಗೆ ನೀನು ಕೆಟ್ಟದು ಯೋಚಿಸಬೇಡ. ಪೇಪರಿನ ದೊಡ್ಡ ಅಕ್ಷರ ಓದಿಸಿ, ಆಮೇಲೆ ಸಣ್ಣ ಅಕ್ಷರ ಓದಿಸಿ, ನನಗೆ ಹೀಗೆ ಪತ್ರ ಬರೆಯಲಿಕ್ಕೆ ಕಲಿಸಿದ್ದು ಅವರೇ. ನನಗೆ ಕಾಮಾಲೆ ಆದಾಗ ನನ್ನ ಬಟ್ಟೆಯನ್ನೂ ಒಗೆದವರು. ಹೊಸ ಅಕ್ಕಿ ಊಟಕ್ಕೆ ನನ್ನನ್ನು ಅಡಿಗೆಮನೆಯಲ್ಲಿ ಬಿಡದೆ ತಮ್ಮ ಸಾಲಿನಲ್ಲೇ ಕೂರಿಸಿದರು. ಹಿರಿಯರ ಮುಖ ನೋಡಿ, ಹೊಸತು ಉಣ್ಣುತ್ತೇನೆ ಅಂತ ಹೇಳಿ ತುತ್ತು ತೆಗೆಯುವುದಲ್ಲವಾ, ನಾನು ಅಕ್ಕನಿಗೆ ಹೇಳಿದೆ. ಉಣ್ಣು ಮಗಾ ಅಂತ ತಲೆ ಮುಟ್ಟಿದರು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಎಲೆ ಹಾಕಬೇಕು, ಒಂದನ್ನೂ ಬಿಡಬಾರದು. ಎಲ್ಲರ ಎಲೆ ಹಾಕಿದ್ದೂ ಬಡಿಸಿದ್ದೂ ನಾನೇ. ಅಷ್ಟು ನಿಜ.

ಒಂದು ಮಾತು ನೆನಪಿಡು ಅಮ್ಮ. ಆ ಊಟದ ಮರುದಿನ ಬೆಳಿಗ್ಗೆ ನಾನು ಫೋನ್ ಮಾಡಿ ನಿನ್ನ ಹತ್ತಿರ ಒಂದು ವಿಷಯ ಕೇಳಿದ್ದೆ. ಅದನ್ನು ಯಾರ ಹತ್ತಿರವೂ ಹೇಳಬೇಡ. ಬೀಡಿ ಕೊಡಲಿಕ್ಕೆ ಹೋದಲ್ಲಿಯೂ ಬೇಡ, ನೀನು ಎಳೆ ಮಕ್ಕಳನ್ನು ಮೀಯಿಸಲಿಕ್ಕೆ ಹೋಗುವ ಮನೆಗಳಲ್ಲಿಯೂ ಬೇಡ. ಯಾರಾದರೂ ಕೇಳಿದರೆ ಮರೆತಿದೆ ಅಂತ ಹೇಳು.

ಕಾಲು ನೋವಿಗೆ ಎಣ್ಣೆ ಹಚ್ಚಿಕೋ. ನನ್ನ ಚಿಂತೆ ಮಾಡಬೇಡ.

ಇಲ್ಲಿಂದ ನಿನ್ನನ್ನೇ ನೆನೆಯುತ್ತಿರುವ ನಿನ್ನ ಮಗಳು
ಶರ್ಮಿಳಾ

ಮತ್ತೆ ಬರೆದದ್ದು: ಪಾತುಮ್ಮಕ್ಕ, ಇಲ್ಲಿಂದ ಸ್ವರ ತೆಗೆಯಬೇಡಿ. ಮನಸ್ಸಿನಲ್ಲೇ ಓದಿ.

ಮೇಲಿನದ್ದು ನಿನ್ನೆ ಬರೆದದ್ದು. ಅಮ್ಮನಿಗೆ ಅದು ಹಾಗೆಯೇ ಇರಲಿ. ಇವತ್ತು ಗುರುವಾರ. ಬೆಳಿಗ್ಗೆ ಗೇಟಿನ ಸೆಗಣಿ ತಿಕ್ಕುತ್ತಿದ್ದಾಗ ಒಬ್ಬರು ಹೆಂಗಸು ಬಂದು ನಿಂತರು. ಕೈಯಲ್ಲಿ ಕೊಡೆ ಮಾತ್ರ ಇತ್ತು. ಇವರೂ ಏನಾದರೂ ಎಸೆಯಲಿಕ್ಕೆ ಬಂದದ್ದು ಅಂತ ನಾನು ಹಿಂದೆ ಸರಿದೆ. ನಾನು ದಿಶಾಂತನ ತಾಯಿ ಅಂದರು. ಆ ದಿನ ನಿಮ್ಮ ಸರ್ ಊಟಕ್ಕೆ ಬಂದಿದ್ರಾ ಮಗಾ ಅಂತ ಕೇಳಿದರು. ಜೋರು ಮಾಡಲಿಲ್ಲ. ನಾನೂ ಅವನಿಗೆ ಬಡಿಸಿ ಮುಚ್ಚಿಟ್ಟಿದ್ದೆ, ಮರುದಿನ ಚೆಲ್ಲಿದೆ, ನೀನು ಮನೆ ಒಳಗಿನವಳು, ನಿನಗೆ ಗೊತ್ತಿರ್ತದೆ ಅಂತ ಕೇಳ್ತಾ ಇದ್ದೇನೆ ಅಂದರು. ನಾನು ಬಗ್ಗಿ ಮತ್ತೆ ಗೇಟು ತಿಕ್ಕಲಿಕ್ಕೆ ಶುರು ಮಾಡಿದೆ. ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಬಕೆಟಿನಿಂದ ಚೊಂಬಿನಲ್ಲಿ ನೀರು ತೆಗೆದು ನಾನು ತಿಕ್ಕಿದ ಜಾಗಕ್ಕೆ ಹೊಯ್ದರು. ಹೇಳಲಿಕ್ಕೆ ಆಗದಿದ್ದರೆ ಬೇಡ ಅಂತ ಹೇಳಿ ಹೋದರು.

ಸರ್ ಊಟಕ್ಕೆ ಬಂದಿರಲಿಲ್ಲ ಪಾತುಮ್ಮಕ್ಕ. ಕಾದು ಕಾದು ಮಗು ಅಳಲಿಕ್ಕೆ ಶುರು ಮಾಡಿದ ಮೇಲೆ ನಾವು ಮೂರು ಜನ ಉಂಡೆವು. ಮಗು ಮಲಗಿ ಎಷ್ಟೋ ಹೊತ್ತಿನ ಮೇಲೆ ಸರ್ ಬಂದರು. ಹಸಿವಿಲ್ಲ ಅಂತ ಹೇಳಿ ನೇರ ಬಚ್ಚಲಿಗೆ ಹೋದರು. ಬಡಿಸಿದ ಎಲೆಯ ಕಡೆ ನೋಡಲೂ ಇಲ್ಲ. ಹೊಸ ಅಕ್ಕಿ ಬಡಿಸಿ ಯಾರೂ ಮುಟ್ಟದ ಎಲೆಯನ್ನು ಎಂತ ಮಾಡುದು, ಎಲ್ಲಿಯಾದರೂ ಬಿಸಾಡಬಹುದಾ ಅಂತ ನಾನು ಮರುದಿನ ಅಮ್ಮನಿಗೆ ಫೋನ್ ಮಾಡಿ ಕೇಳಿದ್ದು. ಬಿಸಾಡಬೇಡ, ದನಕ್ಕೆ ಕೊಡು ಅಂದಿದ್ದಳು. ಪಕ್ಕದ ಮನೆಯ ದನಕ್ಕೆ ಕೊಟ್ಟೆ. ಎಲೆ ಹಾಕಿದ್ದು ಹೌದಲ್ವಾ, ಬಡಿಸಿದ್ದು ಹೌದಲ್ವಾ, ಅಲ್ಲಿಗೆ ಅವರು ಉಂಡ ಹಾಗೆಯೇ ಅಂತ ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ದಿಶಾಂತನ ತಾಯಿ ಹೋದ ಮೇಲೆ ನಾನು ಬಾವಿಯ ಹತ್ತಿರ ನಿಂತು, ಸರ್ ಬರಲಿಲ್ಲ, ಎಲೆ ಹಾಗೆಯೇ ಇತ್ತು ಅಂತ ಹೇಳಿ ನೋಡಿದೆ. ಸ್ವರ ಬಂತು. ನನಗೇ ಹೆದರಿಕೆ ಆಗುವಷ್ಟು ಬಂತು. ಬುಧವಾರ ಅಲ್ಲಿ ನಿಂತು ಅದನ್ನೇ ಹೇಳುತ್ತೇನೆ. ಇದು ಈಗ ಗೊತ್ತಿರುವುದು ನಿಮಗೆ ಒಬ್ಬರಿಗೆ. ಅಕ್ಕನ ಎದುರು ಅಷ್ಟು ದಿನ ಕೆಲಸ ಮಾಡಿಕೊಂಡು ಹೇಗೆ ಇರುದು ಅಂತ ಗೊತ್ತಾಗುವುದಿಲ್ಲ. ಮಗು ಬಂದು ಕುತ್ತಿಗೆಗೆ ಜೋತುಬಿದ್ದರೆ, ಪಾತ್ರೆ ತೊಳೆಯಲಿಕ್ಕೆ ಉಂಟು ಅಂತ ಹೇಳಿ ಬಿಡಿಸಿಕೊಳ್ಳುತ್ತೇನೆ.

ನಾನು ಹಾಗೆ ಹೇಳಿದ ಸುದ್ದಿ ಮಧ್ಯಾಹ್ನದ ಒಳಗೆ ಕಾಣಿಯೂರಿಗೆ ಮುಟ್ಟುತ್ತದೆ. ಪಟಾಕಿ ಹೊಡೆದವರು ನಮ್ಮ ಮನೆಯ ಬಾಗಿಲಿಗೂ ಬಂದಾರು. ನಮ್ಮ ಬಾಗಿಲನ್ನು ಒಂದು ಒದ್ದರೆ ಸಾಕು. ಅದಕ್ಕೆ ನಿಮ್ಮ ಹತ್ತಿರ ಒಂದು ಬೇಡಿಕೆ. ಮಂಗಳವಾರವೇ ಅಮ್ಮನನ್ನು ಸುಳ್ಯಕ್ಕೆ ನಿಮ್ಮ ಮಗ ಶಾಫಿಯ ಮನೆಗೆ ಕರೆದುಕೊಂಡು ಹೋಗಿ. ಶಾಫಿಯ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲಿಕ್ಕೆ ಜನ ಇಲ್ಲ ಅಂತ ಹೇಳಿ. ಎಳೆ ಮಗು ಅಂದರೆ ಅಮ್ಮ ಬೇರೆ ಏನೂ ಕೇಳುವುದಿಲ್ಲ, ಸೀರೆ ಮಡಚಿ ಹೊರಡುತ್ತಾಳೆ. ಕೋರ್ಟಿನಿಂದ ನಾನು ಈ ಮನೆಗೆ ತಿರುಗಿ ಬರಲಿಕ್ಕೆ ಆಗುವುದಿಲ್ಲ. ಸುಳ್ಯದ ಬಸ್ಸು ಹತ್ತಿ ಅಲ್ಲಿಗೇ ಬರುತ್ತೇನೆ. ನಿಮಗೆ ತೊಂದರೆ ಆಗುವುದಾದರೆ ಈಗಲೇ ಕಂಡಕ್ಟರರ ಹತ್ತಿರ, ಬೇಡ ಅಂತ ಒಂದೇ ಮಾತು ಹೇಳಿ ಕಳಿಸಿ. ನನಗೆ ಬೇಸರ ಇಲ್ಲ.

ನೀವು ಓದುವುದನ್ನು ನಿಲ್ಲಿಸಿದ ಕೂಡಲೇ ಅಮ್ಮ ಕುತ್ತಿಗೆ ಉದ್ದ ಮಾಡಿ, ಕೆಳಗೆ ಇನ್ನೂ ಎಂತದೋ ಬರೆದಿದ್ದಾಳಲ್ಲ ಅಂತ ಕೇಳುತ್ತಾಳೆ. ಹೊತ್ತು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾ ಇದ್ದೇನೆ ಅಂತ ಬರೆದಿದ್ದಾಳೆ ಅಂತ ಹೇಳಿಬಿಡಿ. ಅದೊಂದು ಸುಳ್ಳನ್ನು ನನ್ನ ಪರವಾಗಿ ನೀವು ಹೇಳಿ ಪಾತುಮ್ಮಕ್ಕ.